ಒಂಬತ್ತನೆಯ ಸ್ಥಳ

ಅರವತ್ತು ದಾಟಿದ ಕಥೋಲಿಕರಿಗೆ ಧರ್ಮಸಭೆ ಕೊಡುವ ಪಿಂಚಣಿ ಒಂದೇ: ಉಪವಾಸದಿಂದ ಬಿಡುಗಡೆ. 18 ತುಂಬಿದಾಗ ಶುರುವಾಗುವ ಕಡ್ಡಾಯ 59 ತುಂಬಿದ ಕೂಡಲೇ ಮುಗಿಯುತ್ತದೆ. ಮಾಂಸ ಬಿಡುವ ನಿಯಮಕ್ಕೆ ಮಾತ್ರ ನಿವೃತ್ತಿಯಿಲ್ಲ. 14ರಲ್ಲಿ ಹಿಡಿದರೆ ಸಾಯುವ ತನಕ ಬಿಡದು. ಕಟ್ಟುನಿಟ್ಟಿನ ಉಪವಾಸ ಇರುವುದೂ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡು ದಿನ ಮಾತ್ರ. ಅದಾದರೂ ಎಂಥದ್ದು? ಒಂದು ಹೊತ್ತು ಹೊಟ್ಟೆ ತುಂಬ ಊಟ, ಉಳಿದೆರಡು ಹೊತ್ತು ಏನಾದರೂ ಸ್ವಲ್ಪ. ನಮ್ಮ ಎದುರು ಮನೆಯ ಅಜ್ಜಿ ಶಿವರಾತ್ರಿಯ ದಿನ ನೀರು ಬಿಟ್ಟರೆ ಬೇರೇನನ್ನೂ ಮುಟ್ಟದವರು. ನಾನು ನಮ್ಮ ಲೆಕ್ಕವನ್ನು ವಿವರಿಸಿದಾಗ ತುಂಬ ಹೊತ್ತು ಯೋಚಿಸಿ, "ಇದಕ್ಕೆ ನೀವು ಉಪವಾಸ ಅಂತೀರಾ ಮಿಸ್?" ಎಂದು ಕೇಳಿದರು. ವ್ಯಂಗ್ಯವೇನಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು.

ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದನ್ನು ನಾನು ಅವರಿಗೆ ಹೇಳಲಿಲ್ಲ. ಮಂಗಳೂರು ಕಡೆಯ ನನ್ನ ಸಹೋದ್ಯೋಗಿ ಒಬ್ಬರು ತಪಸ್ಸುಕಾಲದ ಶುಕ್ರವಾರಗಳಲ್ಲಿ ಬಂಗುಡೆ ಸಾರು ತಂದು, ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ, ಪಶ್ಚಾತ್ತಾಪದ ಮುಖ ಮಾಡಿಕೊಂಡು ಊಟ ಮಾಡುತ್ತಿದ್ದರು. ಭಾನುವಾರಗಳ ವಿಷಯವೂ ಹೀಗೇ. ಬೂದಿ ಬುಧವಾರದಿಂದ ಪಾಸ್ಖ, ಅಂದರೆ ಈಸ್ಟರ್, ಹಬ್ಬದ ಹಿಂದಿನ ದಿನದವರೆಗಿನ ತಪಸ್ಸುಕಾಲವನ್ನು ಎಣಿಸಿದರೆ 46 ದಿನ ಬರುತ್ತದೆ. ಪ್ರತಿ ಭಾನುವಾರವೂ ಪುನರುತ್ಥಾನದ ದಿನವಾದ್ದರಿಂದ ಆ ಆರನ್ನು ಕಳೆದರೆ 40. ಈ ಕಳೆಯುವ ಲೆಕ್ಕವನ್ನು ನಮ್ಮ ಜನ ಜ್ಞಾನೋಪದೇಶದ ತರಗತಿಯಲ್ಲಿ ಎಷ್ಟು ಚೆನ್ನಾಗಿ ಕಲಿಯುತ್ತಾರೆಂದರೆ, ಬಿರಿಯಾನಿ ಬಿಟ್ಟವರು ಭಾನುವಾರ ತಿನ್ನುತ್ತಾರೆ, ಸಿಗರೇಟು ಬಿಟ್ಟವರು ಭಾನುವಾರ ಸೇದುತ್ತಾರೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ತಪಸ್ಸುಕಾಲದಲ್ಲಿ ಮಕ್ಕಳನ್ನು ಬೈಯುವುದನ್ನು ಬಿಡುತ್ತಿದ್ದೆ. ಭಾನುವಾರ ಶಾಲೆ ಇರುತ್ತಿರಲಿಲ್ಲವಾಗಿ ರಿಯಾಯಿತಿಯ ಪ್ರಯೋಜನ ನನಗೆ ಸಿಗಲಿಲ್ಲ.

2025ರಲ್ಲಿ ಮಾತ್ರ ನಾನು ಏನನ್ನೂ ಬಿಡಲಿಲ್ಲ. ಬಿಡುವಂಥದ್ದು ಏನಾದರೂ ಉಳಿದಿದೆ ಎಂದೇ ಅನ್ನಿಸಿರಲಿಲ್ಲ.

ಹಿಂದಿನ ಆಗಸ್ಟಿನಲ್ಲಿ ನಮ್ಮವರಿಗೆ ಪಾರ್ಶ್ವವಾಯು ಹೊಡೆದಿತ್ತು. ಮಿದುಳಿನ ಎಡಭಾಗದಲ್ಲಿ ಆದದ್ದರಿಂದ ಬಲಗೈ, ಬಲಗಾಲು, ಅವುಗಳ ಜೊತೆಗೆ ಮಾತು. ದನಿ ಇತ್ತು, ಪದಗಳಿರಲಿಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು; ಉತ್ತರ ಹೇಳಹೊರಟರೆ "ಅದು... ಅದು..." ಎನ್ನುವಲ್ಲಿಗೆ ನಿಲ್ಲುತ್ತಿತ್ತು. ನೀರು ಬೇಕಾದಾಗ ನೀರು ಎನ್ನುವ ಪದ ಸಿಗದೆ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಕಾಲಕ್ಕೆ ಇವರ ಗಂಟಲಿಗೆ ನಮ್ಮ ಚರ್ಚಿನ ಮೈಕೂ ಹೆದರುತ್ತಿತ್ತು. ಭಾನುವಾರದ ಬಲಿಪೂಜೆಯಲ್ಲಿ ಇವರು ವಾಚನ ಓದಲು ನಿಂತರೆ, ಕರೆಂಟು ಹೋದದ್ದು ಹಿಂದಿನ ಬೆಂಚಿನವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಆ ಗಂಟಲು ಹಾರೋಬೆಲೆಯದ್ದು. ಕನಕಪುರ ತಾಲ್ಲೂಕಿನ ಈ ಊರಿನಲ್ಲಿ ತಲೆಮಾರುಗಳಿಂದ ಪವಿತ್ರ ವಾರದಲ್ಲಿ ಯೇಸುಸ್ವಾಮಿಯ ಪಾಡುಗಳ ನಾಟಕ ಆಡುತ್ತಾರೆ. ಸುತ್ತಲ ಹಳ್ಳಿಗಳವರು, ಬೆಂಗಳೂರಿಗೆ ದುಡಿಯಲು ಬಂದ ಊರಿನವರು ಎಲ್ಲ ಸೇರುತ್ತಾರೆ. ಹರೆಯದಲ್ಲಿ ಇವರಿಗೆ ಅದರಲ್ಲಿ ರೋಮನ್ ಸೈನಿಕನ ಪಾತ್ರ. ಮಾತು ಕಡಿಮೆ, ಅರಚಾಟ ಜಾಸ್ತಿ. ಬಿದ್ದ ಯೇಸುವನ್ನು ತೋಳು ಹಿಡಿದು ಎಳೆದು ನಿಲ್ಲಿಸುವುದು ಇವರ ಮುಖ್ಯ ಕೆಲಸವಾಗಿತ್ತಂತೆ. "ಶಿಲುಬೆ ನಿಜವಾಗ್ಲೂ ಭಾರ ಕಣೇ. ಪಾತ್ರದವನು ನಟನೆಗೆ ಅಂತ ಬೀಳ್ತಿದ್ದ, ಆಮೇಲೆ ನಿಜಕ್ಕೂ ಏಳೋಕಾಗ್ತಿರಲಿಲ್ಲ. ನಾನೇ ಎತ್ತಬೇಕಿತ್ತು. ನೋಡ್ತಿದ್ದ ಹೆಂಗಸರು ನನಗೆ ಶಾಪ ಹಾಕ್ತಿದ್ರು" ಎಂದು ಮದುವೆಯಾದ ಹೊಸತರಲ್ಲಿ ಹೇಳಿ ನಗಿಸಿದ್ದರು.

ಅಂಥವರನ್ನು ಬೆಳಿಗ್ಗೆ ಎಬ್ಬಿಸಿ, ಮಗ್ಗುಲು ಬದಲಿಸಿ, ಮುಖ ತೊಳೆಸಿ, ಬಲಗೈಯನ್ನು ಅಂಗಿಯ ತೋಳಿನೊಳಗೆ ಮೊದಲು ತೂರಿಸಿ (ಸೋತ ಕೈ ಮೊದಲು, ಗಟ್ಟಿ ಕೈ ಆಮೇಲೆ, ಬಿಚ್ಚುವಾಗ ಇದಕ್ಕೆ ತದ್ವಿರುದ್ಧ), ತಿಂಡಿ ತಿನ್ನಿಸುವ ಹೊತ್ತಿಗೆ ಹತ್ತು ಗಂಟೆ. ಇದನ್ನೆಲ್ಲ ಪ್ರೀತಿಯಿಂದ ಮಾಡಿದೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಪ್ರೀತಿ ಕೆಲವು ದಿನ ಇರುತ್ತಿತ್ತು. ಉಳಿದ ದಿನ ಮಾಡಬೇಕಾಗಿತ್ತು, ಮಾಡುತ್ತಿದ್ದೆ. ಸಂಜೆಗೆ ಬೆನ್ನು ನೋಯುತ್ತಿತ್ತು, ಮನಸ್ಸು ಏನನ್ನೂ ಹೇಳುತ್ತಿರಲಿಲ್ಲ. ಪ್ರಾರ್ಥನೆ ಮಾಡಬೇಕೆಂದು ಕುಳಿತರೆ ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ದೇನೆಯೇ ಎನ್ನುವ ಯೋಚನೆ ಬರುತ್ತಿತ್ತು.

ಇಂಥ ಸ್ಥಿತಿಯಲ್ಲಿ ಚರ್ಚಿನ ಗೇಟಿನಲ್ಲಿ ಒಂದು ದೊಡ್ಡ ಬ್ಯಾನರ್. 2025 ಜುಬಿಲಿ ವರ್ಷ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವಂಥದ್ದು. ಪೋಪ್ ಫ್ರಾನ್ಸಿಸ್ ಅದಕ್ಕೆ ಕೊಟ್ಟ ಧ್ಯೇಯ 'ಭರವಸೆಯ ಯಾತ್ರಿಕರು'. ಲಾಂಛನದಲ್ಲಿ ನಾಲ್ಕು ಬಣ್ಣದ ನಾಲ್ಕು ಜನ ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದಾರೆ. ಮುಂದಿನವನು ಶಿಲುಬೆಯನ್ನು ತಬ್ಬಿದ್ದಾನೆ. ಶಿಲುಬೆಯ ಬುಡ ಹಡಗಿನ ಲಂಗರಾಗಿ ಅಲೆಗಳಲ್ಲಿ ಇಳಿದಿದೆ. ಚೆಂದದ ಚಿತ್ರವೇ. ಆದರೆ ಭರವಸೆ ಎಂದು ಫ್ಲೆಕ್ಸಿನಲ್ಲಿ ಅಚ್ಚು ಹಾಕಿ ತೂಗುಹಾಕಿದ್ದು ನೋಡಿದಾಗ ನನಗೆ ಸಿಟ್ಟು ಬರುತ್ತಿತ್ತು. ಮಾರ್ಚಿನ ಬಿಸಿಲಿಗೆ ಅದರ ಒಂದು ಮೂಲೆಯ ದಾರ ಕಿತ್ತು, ಲಂಗರಿನ ಭಾಗ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದನ್ನು ಕಂಡು ಸ್ವಲ್ಪ ಸಮಾಧಾನವಾಗುತ್ತಿತ್ತು ಎಂದರೆ ಫಾದರ್ ಕ್ಷಮಿಸಬೇಕು.

ಬೂದಿ ಬುಧವಾರಕ್ಕೆ ಮುಂಚೆ ಹಳೆಯ ಗರಿಗಳನ್ನು ಚರ್ಚಿಗೆ ಮರಳಿಸುವ ಪದ್ಧತಿ. ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಮಂತ್ರಿಸಿ ಕೊಟ್ಟ ತೆಂಗಿನ ಗರಿಯನ್ನು ಮನೆಯಲ್ಲಿಟ್ಟಿರುತ್ತೇವೆ. ಅವನ್ನೆಲ್ಲ ಸುಟ್ಟು ಬೂದಿ ಮಾಡಿ ನಮ್ಮ ಹಣೆಗೇ ಹಚ್ಚುತ್ತಾರೆ. ಒಂದು ಹಬ್ಬದ ಜಯಘೋಷ ಮುಂದಿನ ವರ್ಷದ ಬೂದಿ. ಇದನ್ನು ಯೋಚಿಸಿ ಮಾಡಿದವರು ಜೀವನವನ್ನು ಹತ್ತಿರದಿಂದ ಕಂಡವರಿರಬೇಕು. ನಮ್ಮ ಮನೆಯ ಪವಿತ್ರ ಹೃದಯದ ಪಟದ ಹಿಂದೆ ಸಿಕ್ಕಿಸಿದ್ದು 2024ರ ಗರಿ. ಇವರೇ ಎರಡೂ ಕೈಯಿಂದ ಮಡಿಚಿ ಹೆಣೆದ ಪುಟ್ಟ ಶಿಲುಬೆ. ಅದನ್ನು ಕೊಡಲು ಮನಸ್ಸಾಗಲಿಲ್ಲ. ಕೊಟ್ಟೆ, ಇಟ್ಟುಕೊಂಡರೆ ಅದನ್ನು ನೋಡುತ್ತಲೇ ಕೂರುತ್ತೇನೆ ಎಂದು ಗೊತ್ತಿತ್ತು.

ಆ ವರ್ಷ ಶಿವರಾತ್ರಿ ಫೆಬ್ರವರಿ 26ರ ಬುಧವಾರ. ಮುಂದಿನ ಬುಧವಾರ, ಮಾರ್ಚ್ 5, ನಮ್ಮ ಬೂದಿ. ನಡುವೆ ಮಾರ್ಚ್ 2ಕ್ಕೆ ರಂಜಾನ್ ಉಪವಾಸ ಶುರು. ಬೆಳಗಿನ ಪೂಜೆ ಮುಗಿಸಿ ಹಣೆಯ ಮೇಲೆ ಬೂದಿಯ ಶಿಲುಬೆ ಹೊತ್ತು ಬರುತ್ತಿದ್ದ ನನ್ನನ್ನು ಎದುರು ಮನೆ ಅಜ್ಜಿ ಗೇಟಿನಲ್ಲೇ ಹಿಡಿದರು. "ಹೋದ ಬುಧವಾರ ನಾನು, ಈ ಬುಧವಾರ ನೀವು. ಬೂದಿ ಮಾತ್ರ ನಿಮ್ಮದು ಸ್ವಲ್ಪ ಕಪ್ಪು ಮಿಸ್." ಸಗಣಿಯಿಂದ ಮಾಡಿದ ವಿಭೂತಿಯ ಬಿಳುಪು ತೆಂಗಿನ ಗರಿಗೆ ಎಲ್ಲಿಂದ ಬರಬೇಕು?

ಇವರಿಗೆಂದು ಒಂದು ಚಿಟಿಕೆ ಬೂದಿಯನ್ನು ಕಾಗದದಲ್ಲಿ ಮಡಿಚಿ ತಂದಿದ್ದೆ. ಬೂದಿ ಹಚ್ಚುವಾಗ ಹೇಳಲು ಪೂಜಾಗ್ರಂಥದಲ್ಲಿ ಎರಡು ವಾಕ್ಯಗಳಿವೆ. ಒಂದು, ನೀನು ಮಣ್ಣು, ಮಣ್ಣಿಗೇ ಹೋಗುವವನು ಎಂದು ನೆನಪಿಸುವಂಥದ್ದು. ಇನ್ನೊಂದು, ಮನಸ್ಸು ತಿರುಗಿಸಿ ಶುಭಸಂದೇಶವನ್ನು ನಂಬು ಎನ್ನುವಂಥದ್ದು. ಎರಡರಲ್ಲಿ ಒಂದಕ್ಕೆ ಉತ್ತರಿಸಿದರೆ ಸಾಕು. ಪ್ರಶ್ನೆಪತ್ರಿಕೆಯ ಈ ದಾಕ್ಷಿಣ್ಯ ನನಗೆ ಅಂದು ತುಂಬ ಉಪಕಾರವಾಯಿತು. ಮೊದಲನೆಯದನ್ನು ಅವರಿಗೆ ಹೇಳಬೇಕಾದ ಅಗತ್ಯ ನನಗೆ ಕಾಣಲಿಲ್ಲ. ಎರಡನೆಯದನ್ನು ಹೇಳಿ ಹಚ್ಚಿದೆ. ಇವರು ಕಾಗದದಲ್ಲಿ ಉಳಿದ ಬೂದಿಯನ್ನು ಎಡಗೈ ಬೆರಳಿಗೆ ಮೆತ್ತಿಕೊಂಡು ನನ್ನ ಹಣೆಗೆ ತಂದರು. ಎಡಗೈಗೆ ಅಭ್ಯಾಸವಿಲ್ಲದೆ ಅರ್ಧ ಕನ್ನಡಕದ ಮೇಲೆ ಬಿತ್ತು. ಮಾರನೆಯ ದಿನವೂ ಕನ್ನಡಕದ ಸಂದಿಯಲ್ಲಿ ಬೂದಿ ಇತ್ತು.

ಅದರ ಮಾರನೆಯ ದಿನ ಪೋಪ್ ಫ್ರಾನ್ಸಿಸ್‌ರ ದನಿ ಕೇಳಿದ್ದು. ಫೆಬ್ರವರಿ 14ರಂದು ರೋಮಿನ ಜೆಮೆಲ್ಲಿ ಆಸ್ಪತ್ರೆಗೆ ಸೇರಿದವರು. 88 ವರ್ಷ, ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ. ಪ್ರತಿ ರಾತ್ರಿ ಸಂತ ಪೇತ್ರರ ಚೌಕದಲ್ಲಿ ಅವರಿಗಾಗಿ ಜಪಸರ ನಡೆಯುತ್ತಿತ್ತು. ಆ ಜನಕ್ಕೆ ಕೇಳಿಸಲೆಂದು ಅವರು ಆಸ್ಪತ್ರೆಯ ಹಾಸಿಗೆಯಿಂದಲೇ ಸ್ಪ್ಯಾನಿಷ್‌ನಲ್ಲಿ ನಾಲ್ಕು ಮಾತು ಧ್ವನಿಮುದ್ರಿಸಿ ಕಳಿಸಿದ್ದರು. ನಮ್ಮ ಟಿವಿಯಲ್ಲೂ ಬಂತು. ಅದು ಮಾತಲ್ಲ, ಏದುಸಿರಿನ ನಡುನಡುವೆ ಸಿಕ್ಕಿಕೊಂಡ ಅಕ್ಷರಗಳು. ನನಗೆ ಕೇಳಲಾಗಲಿಲ್ಲ, ದನಿ ಕಡಿಮೆ ಮಾಡಲು ರಿಮೋಟ್ ಹುಡುಕಿದೆ. ಇವರು ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೇಳಿದರು. ಮುಗಿದ ಮೇಲೆ ಟಿವಿಯ ಕಡೆ ಕೈ ತೋರಿಸಿದರು, ಆಮೇಲೆ ತಮ್ಮ ಎದೆಯ ಕಡೆ. ಮುಖದಲ್ಲಿ ದುಃಖವಿರಲಿಲ್ಲ. ನಮ್ಮ ಯೂನಿಯನ್ನಿಗೆ ಇನ್ನೊಬ್ಬ ಮೆಂಬರ್ ಸೇರಿದ ಎನ್ನುವಂಥ ಗತ್ತಿತ್ತು.

ಅಲ್ಲಿಂದ ಪೋಪರ ಆರೋಗ್ಯದ ಬುಲೆಟಿನ್ ನಮ್ಮ ಮನೆಯ ವಿಷಯವಾಯಿತು. ಉಸಿರಾಟದ ವ್ಯಾಯಾಮ ಮಾಡಿದರಂತೆ, ಕೈಕಾಲಿನ ವ್ಯಾಯಾಮವೂ ಮಾಡಿದರಂತೆ ಎಂದು ಓದಿ ಹೇಳುತ್ತಿದ್ದೆ. ಹೆಚ್ಚಿನ ಹರಿವಿನ ಆಮ್ಲಜನಕದಿಂದ ಗಂಟಲು ಒಣಗಿ, ಅವರು ಮತ್ತೆ ಮಾತಾಡುವುದನ್ನು ಕಲಿಯಬೇಕಾಗಿದೆ ಎಂದು ಕಾರ್ಡಿನಲ್ ಒಬ್ಬರು ಹೇಳಿದ ಸುದ್ದಿ ಬಂದ ದಿನ ಇವರು ಎಂದಿಗಿಂತ ಹೆಚ್ಚು ಹೊತ್ತು ವ್ಯಾಯಾಮ ಮಾಡಿದರು. ಮಾಡಿಸುತ್ತಿದ್ದ ಫಿಸಿಯೋ ಹುಡುಗನಿಗೆ ರೋಜಾ ಉಪವಾಸ. ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಸಂಜೆ ನಾಲ್ಕಕ್ಕೆ ಬರುತ್ತಿದ್ದ, ತುಟಿ ಒಣಗಿರುತ್ತಿತ್ತು. ನೀರು ಕೊಡುವ ಹಾಗಿಲ್ಲ. ಇವರ ಕಾಲನ್ನು ತನ್ನ ಹೆಗಲಿಗೆ ಕೊಟ್ಟುಕೊಂಡು, "ಒತ್ತಿ ಅಂಕಲ್, ನನ್ನ ಮೇಲೆ ಸಿಟ್ಟಿದ್ರೆ ಇನ್ನೂ ಒತ್ತಿ" ಎನ್ನುತ್ತಿದ್ದ. ಒಮ್ಮೆ ಕೇಳಿದೆ, "ಹೊಟ್ಟೇಲಿ ಏನೂ ಇಲ್ಲದೆ ಇದೆಲ್ಲ ಹೇಗಪ್ಪಾ ಮಾಡ್ತೀಯ?" "ಯೋಚನೆ ಮಾಡೋದಿಲ್ಲ ಆಂಟಿ. ನಾಲ್ಕಕ್ಕೆ ಇಲ್ಲಿ, ಐದಕ್ಕೆ ಇನ್ನೊಬ್ಬರ ಮನೆ. ಅಷ್ಟೊತ್ತಿಗೆ ಮಗ್ರಿಬ್, ಉಪವಾಸ ಬಿಡೋ ಹೊತ್ತು, ಹತ್ತಿರ ಬಂದಿರುತ್ತೆ."

ಸಂಜೆಯ ಜಪಸರವನ್ನು ನಾನು ಆಗಸ್ಟಿನಿಂದ ಒಬ್ಬಳೇ ಹೇಳುತ್ತಿದ್ದೆ, ಅದೂ ಬೇಗ ಮುಗಿಸುವ ದನಿಯಲ್ಲಿ. ತಪಸ್ಸುಕಾಲದ ಮೊದಲ ವಾರ ಹಾಗೇ ಗೊಣಗುತ್ತಿರುವಾಗ ಪಕ್ಕದಿಂದ ದನಿ ಬಂತು. ಇವರು 'ನಮೋ ಮರಿಯಾ' ಪೂರ್ತಿ ಹೇಳುತ್ತಿದ್ದಾರೆ. ತೊದಲಿಲ್ಲ, ತಡೆಯಿಲ್ಲ, ಹಾರೋಬೆಲೆಯ ರಾಗ ಸಮೇತ. ನಾನು ನಿಲ್ಲಿಸಿದೆ, ಅವರೂ ನಿಂತರು. ಆಮೇಲೆ ಏನೋ ಹೇಳಲು ಹೋದರೆ ಮತ್ತೆ "ಅದು... ಅದು..."

ಪವಾಡವೇ ನಡೆಯಿತು ಎಂದುಕೊಂಡು ಮಾರನೆಯ ದಿನ ಸ್ಪೀಚ್ ಥೆರಪಿಸ್ಟ್ ಹುಡುಗಿಗೆ ಫೋನ್ ಮಾಡಿದೆ. ಅವಳು ಸಂತೋಷಪಟ್ಟಳು, ಆದರೆ ಆಶ್ಚರ್ಯಪಡಲಿಲ್ಲ. ಇದು ಎಷ್ಟೋ ಜನರಲ್ಲಿ ಕಾಣುತ್ತದಂತೆ. ಯೋಚಿಸಿ ಆಡುವ ಮಾತು ಬೇರೆ, ಬಾಯಿಪಾಠದ ಮಾತು ಬೇರೆ. ಒಂದರಿಂದ ಹತ್ತು, ವಾರದ ಹೆಸರುಗಳು, ಹಾಡು, ಪ್ರಾರ್ಥನೆ, ಬೈಗುಳ, ಇವೆಲ್ಲ ಮಿದುಳಿನಲ್ಲಿ ಬೇರೆ ದಾರಿ ಹಿಡಿಯುತ್ತವೆ; ಪದ ಹುಡುಕುವ ಭಾಗ ಕೆಟ್ಟರೂ ಇವು ಉಳಿಯಬಹುದು. "ದಿನಾ ಹೇಳಿಸಿ ಮೇಡಂ, ಒಳ್ಳೆಯದು. ಆದರೆ ಇದರಿಂದಲೇ ಮಾತು ಬರುತ್ತೆ ಅಂತ ಅಂದ್ಕೋಬೇಡಿ" ಎಂದಳು.

ಮೂವತ್ತು ವರ್ಷ ನಾನು ಬಾಯಿಪಾಠದ ಶತ್ರು. ಅರ್ಥ ಗೊತ್ತಿಲ್ಲದೆ ಉರು ಹೊಡೆಯುವ ಹುಡುಗರನ್ನು ನಿಲ್ಲಿಸಿ ಭಾವಾರ್ಥ ಕೇಳುತ್ತಿದ್ದೆ. ಇಲ್ಲಿ ನೋಡಿದರೆ ಇವರು ಅರ್ಥ ಮಾಡಿಕೊಂಡು ಕಲಿತದ್ದೆಲ್ಲ, ಪತ್ರಿಕೆ ಓದಿ ವಾದಿಸಿದ್ದೆಲ್ಲ, ನನ್ನ ಹೆಸರು ಕೂಡ, ಹೋಗಿದೆ. ಹಳ್ಳಿಯಲ್ಲಿ ಅಜ್ಜಿ ತಲೆಗೆ ಮೊಟಕಿ, ನಿದ್ದೆಗಣ್ಣಿನಲ್ಲಿ, ಬೇಡವೆಂದರೂ ಹೇಳಿಸಿದ ಪ್ರಾರ್ಥನೆ ಕಮಾ ಪೂರ್ಣವಿರಾಮ ಸಮೇತ ಉಳಿದಿದೆ. ಆ ವಯಸ್ಸಿನಲ್ಲಿ ಅದರಲ್ಲಿ ಭಕ್ತಿ ಇತ್ತೆಂದು ನಾನು ನಂಬುವುದಿಲ್ಲ. ಊಟ ಬಡಿಸುವ ಮುಂಚೆ ಹೇಳಬೇಕಿತ್ತು, ಹೇಳಿದರು.

ಇದು ತಲೆಯಲ್ಲಿ ಕೊರೆಯುತ್ತಿದ್ದಾಗಲೇ ಶುಕ್ರವಾರದ ಶಿಲುಬೆ ಹಾದಿಯಲ್ಲಿ (ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಒಂದೊಂದೇ ಸ್ಥಳವಾಗಿ ನೆನೆಯುವ ಪ್ರಾರ್ಥನೆ) ಐದನೆಯ ಸ್ಥಳ ಬಂದಾಗ ನನಗೆ ಸಿರೇನಿನ ಸಿಮೋನ ಹೊಸದಾಗಿ ಕಂಡ. ಯೇಸುವಿನ ಶಿಲುಬೆ ಹೊತ್ತವನು ಎಂದು ಅವನನ್ನು ಕೊಂಡಾಡುತ್ತೇವೆ. ಅವನೇನು ಮುಂದೆ ಬಂದು ಹೊತ್ತವನಲ್ಲ. ಈಗಿನ ಲಿಬಿಯಾದ ಕಡೆಯವನು, ಹಬ್ಬದ ಹೊತ್ತಿಗೆ ಜೆರುಸಲೇಮಿನಲ್ಲಿದ್ದ, ಹೊಲದ ಕಡೆಯಿಂದ ಬರುತ್ತಿದ್ದ. ಸೈನಿಕರು ಹಿಡಿದು ಹೆಗಲಿಗೆ ಏರಿಸಿದರು. ಕರುಣೆಯಿಂದ ಹೊತ್ತ ಎಂದು ಶುಭಸಂದೇಶ ಬರೆದ ಮಾರ್ಕ ಎಲ್ಲಿಯೂ ಬರೆಯುವುದಿಲ್ಲ. ಬಿಟ್ಟಿ ಕೆಲಸ, ಮನಸ್ಸಿನಲ್ಲೇ ಬೈದುಕೊಂಡೇ ಹೊತ್ತಿರಬೇಕು. ಆದರೆ ಮಾರ್ಕ ಒಂದು ಸಣ್ಣ ವಿವರ ಸೇರಿಸುತ್ತಾನೆ: ಈ ಸಿಮೋನ ಅಲೆಕ್ಸಾಂಡರ್ ಮತ್ತು ರೂಫನ ತಂದೆ. ಅವರು ಯಾರೆಂದು ವಿವರಿಸುವುದಿಲ್ಲ, ಅಂದರೆ ಓದುಗರಿಗೆ ಆ ಹುಡುಗರ ಪರಿಚಯವಿತ್ತು. ರೋಮನರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲನೂ ಒಬ್ಬ ರೂಫನಿಗೆ, ಅವನ ತಾಯಿಗೆ ವಂದನೆ ಹೇಳುತ್ತಾನೆ. ಇಬ್ಬರೂ ಒಬ್ಬನೇ ಎಂದು ಹಲವರ ಊಹೆ. ಅಂತೂ ಒಂದು ಬೆಳಿಗ್ಗೆ ಅಪ್ಪನ ಹೆಗಲಿಗೆ ಬಲವಂತವಾಗಿ ಬಿದ್ದದ್ದು ಮಕ್ಕಳ ಮನೆಯ ಸೊತ್ತಾಗಿಹೋಗಿತ್ತು. ಮನಸ್ಸಿಲ್ಲದೆ ಹೊತ್ತರೂ ಭಾರ ಭಾರವೇ, ಹೊತ್ತಷ್ಟು ದೂರ ಹೊತ್ತದ್ದೇ. ಆ ಶುಕ್ರವಾರ ಮನೆಗೆ ಬಂದು ಇವರ ಬಲಗೈಯನ್ನು ನೈಟ್ ಶರ್ಟಿಗೆ ತೂರಿಸುವಾಗ, ಪ್ರೀತಿ ಬಂದಿದೆಯೋ ಇಲ್ಲವೋ ಎಂದು ನನ್ನನ್ನು ನಾನೇ ತಡಕಿ ನೋಡಿಕೊಳ್ಳುವುದನ್ನು ನಿಲ್ಲಿಸಿದೆ. ತಪಸ್ಸುಕಾಲಕ್ಕೆ ನಾನು ಬಿಟ್ಟದ್ದು ಇದೊಂದೇ ಎನ್ನಬಹುದು.

ಮಾರ್ಚ್ 30ಕ್ಕೆ ಯುಗಾದಿ. ನಮಗದು ತಪಸ್ಸುಕಾಲದ ನಾಲ್ಕನೆಯ ಭಾನುವಾರ. ನೇರಳೆ ಬಟ್ಟೆಯ ನಡುವೆ ಗುರುಗಳು ಗುಲಾಬಿ ಬಣ್ಣದ ಮೇಲಂಗಿ ಹಾಕುವ ಒಂದೇ ದಿನ, ಅರ್ಧ ದಾರಿ ಬಂದಿರಿ, ಸ್ವಲ್ಪ ನಗಿ ಎಂದು. ಎದುರು ಮನೆಯಿಂದ ಬೇವುಬೆಲ್ಲವೂ ಒಬ್ಬಟ್ಟೂ ಬಂದವು. "ನಿಮಗೆ ಈಗ ತಿನ್ನಬಹುದಾ?" ಎಂದು ಅಜ್ಜಿಗೆ ಅನುಮಾನ. "ಭಾನುವಾರ ಲೆಕ್ಕಕ್ಕಿಲ್ಲ ಅಜ್ಜಿ" ಎಂದೆ. "ನಿಮ್ಮ ದೇವರು ಬಹಳ ಒಳ್ಳೆಯವನು ಮಿಸ್" ಎಂದರು. ಮಾರನೆಯ ದಿನ ರಂಜಾನ್ ಹಬ್ಬ. ಫಿಸಿಯೋ ಹುಡುಗ ರಜ ಹಾಕಿ, ಸಂಜೆ ತಮ್ಮನ ಕೈಯಲ್ಲಿ ಶೀರ್ ಕುರ್ಮಾ ಕಳಿಸಿದ. ಅದು ಸೋಮವಾರ, ಲೆಕ್ಕಕ್ಕಿದ್ದ ದಿನ. ಕುಡಿದೆವು.

ಹದಿನಾಲ್ಕು ಸ್ಥಳಗಳ ಈ ಶಿಲುಬೆ ಹಾದಿ ಯೇಸುವಿನ ಕಾಲದಿಂದ ಹೀಗೇ ಬಂದದ್ದೇನಲ್ಲ. ಜೆರುಸಲೇಮಿಗೆ ಹೋಗಲಾಗದವರಿಗಾಗಿ ಬೆಳೆದ ಭಕ್ತಿ ಇದು; ಫ್ರಾನ್ಸಿಸ್ಕನ್ ಸನ್ಯಾಸಿಗಳು ಊರೂರಿಗೆ ಹರಡಿದರು, 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂತ್ ಸಂಖ್ಯೆಯನ್ನು 14ಕ್ಕೆ ನಿಲ್ಲಿಸಿದರು. ಯೇಸು ಮೂರು ಸಲ ಬಿದ್ದದ್ದು, ವೆರೋನಿಕಾ ಮುಖ ಒರೆಸಿದ್ದು ಶುಭಸಂದೇಶಗಳಲ್ಲಿ ಇಲ್ಲ. 1991ರ ಶುಭ ಶುಕ್ರವಾರ ಪೋಪ್ ಎರಡನೆಯ ಜಾನ್ ಪಾಲ್ ಬೈಬಲಿನಲ್ಲಿ ಇರುವುದನ್ನಷ್ಟೇ ಆಯ್ದು ಬೇರೊಂದು ಸರಣಿಯನ್ನು ರೋಮಿನ ಕೊಲೊಸಿಯಂನಲ್ಲಿ ನಡೆಸಿದರು. ಅದರಲ್ಲಿ ಬೀಳುವ ಸ್ಥಳಗಳಿಲ್ಲ. ಪಂಡಿತರಿಗೆ ಅದು ಹೆಚ್ಚು ಸರಿ ಇರಬಹುದು. ಮನೆಯಲ್ಲಿ ಬಿದ್ದವರಿರುವ ನನಗೆ ಹಳೆಯದೇ ಸರಿ. ಎಷ್ಟೋ ಶತಮಾನದ ಓದುಬರಹ ಬಾರದ ಜನ ದೇವರ ಮಗನನ್ನು ಒಮ್ಮೆ ಬೀಳಿಸಿ ಸಾಲದೆ ಮೂರು ಸಲ ಬೀಳಿಸಿದರಲ್ಲ, ಅವರಿಗೆ ಅದು ಬೇಕಾಗಿತ್ತು.

ತಪಸ್ಸುಕಾಲದಲ್ಲಿ ಒಂದು ಶುಕ್ರವಾರ ನಮ್ಮ ವಲಯದ ಕಿರುಸಮುದಾಯದವರು ಬೀದಿಯಲ್ಲಿ ಶಿಲುಬೆ ಹಾದಿ ನಡೆಸುತ್ತಾರೆ. ಒಂದೊಂದು ಮನೆಯ ಮುಂದೆ ಒಂದೊಂದು ಸ್ಥಳ. ಹಂಚಿಕೆಯಲ್ಲಿ ದೇವಶಾಸ್ತ್ರವೇನಿಲ್ಲ, ಮೊದಲ ಕ್ರಾಸಿನಿಂದ ಎಣಿಸುತ್ತ ಬಂದರೆ ನಮ್ಮ ಮನೆ ಒಂಬತ್ತನೆಯದು. ಯೇಸು ಮೂರನೆಯ ಸಲ ಬೀಳುವುದು. ಗೇಟಿನಾಚೆ ಮೇಜು ಹಾಕಿ, ನೇರಳೆ ಬಟ್ಟೆ ಹಾಸಿ, ಶಿಲುಬೆ, ಎರಡು ಮೇಣದ ಬತ್ತಿ ಇಟ್ಟೆ. ಇವರನ್ನು ಗಾಲಿಕುರ್ಚಿಯಲ್ಲಿ ಪಕ್ಕಕ್ಕೆ ಕೂರಿಸಿದೆ. ಹಿಂದೆಲ್ಲ ಈ ಮೆರವಣಿಗೆಯಲ್ಲಿ ಮುಂದೆ ಶಿಲುಬೆ ಹಿಡಿದು ನಡೆಯುತ್ತಿದ್ದವರು ಇವರೇ. ಈಗ ಹುಡುಗರು ಹಿಡಿದಿದ್ದರು. ಒಬ್ಬನ ಜೇಬಿನಲ್ಲಿ ಫೋನ್ ಗುಂಯ್‌ಗುಡುತ್ತಿತ್ತು.

ಮನೆಯವರು ಧ್ಯಾನ ಓದಬೇಕು. ಓದುತ್ತ ಓದುತ್ತ ನನಗೊಂದು ಹೊಳೆಯಿತು. ಮೊದಲ ಸಲ ಬಿದ್ದ ಮೇಲೆ ತಾಯಿ ಬರುತ್ತಾಳೆ, ಸಿಮೋನ ಬರುತ್ತಾನೆ, ವೆರೋನಿಕಾ ಬರುತ್ತಾಳೆ. ಎರಡನೆಯ ಸಲ ಬಿದ್ದ ಮೇಲೆ ಜೆರುಸಲೇಮಿನ ಹೆಂಗಸರು. ಮೂರನೆಯ ಸಲದ ನಂತರ ಯಾರೂ ಇಲ್ಲ. ಹತ್ತನೆಯ ಸ್ಥಳದಲ್ಲಿ ಬಟ್ಟೆ ಕಳಚುತ್ತಾರೆ, ಅಷ್ಟರಲ್ಲಿ ಅವನು ನಿಂತಿದ್ದಾನೆ. ಹೇಗೆ ಎದ್ದ ಎಂದು ಪುಸ್ತಕ ಹೇಳುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಹಾರೋಬೆಲೆಯ ಸೈನಿಕನನ್ನು ನೋಡಿದೆ. ಇವರಿಗೆ ಗೊತ್ತಿತ್ತು ಹೇಗೆಂದು. ಎತ್ತಿದ ಕೈಗಳು ಕರುಣೆಯವಲ್ಲ. ಬೇಗ ಕೆಲಸ ಮುಗಿಸಿ ಮನೆಗೆ ಹೋಗಬೇಕಾಗಿದ್ದವರ ಕೈಗಳು. ಆದರೂ ಎತ್ತಿದವು.

ಧ್ಯಾನ ಮುಗಿದು ಎಲ್ಲರೂ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಶುರು ಮಾಡಿದರು. ಎರಡನೆಯ ಪದದಿಂದ ಇವರು ಸೇರಿಕೊಂಡರು. ಆ ಹಳೆಯ ಗಂಟಲು. ಮುಂದಿದ್ದವರು ತಿರುಗಿ ನೋಡಿದರು. ಮುಂದಿನ ಸ್ಥಳದ ಕಡೆ ಹೆಜ್ಜೆ ಹಾಕಿದ್ದವರು ನಿಂತರು. ಎಂಟು ತಿಂಗಳಿಂದ ಯಾರೂ ಕೇಳದ ದನಿ ಬೀದಿಯುದ್ದಕ್ಕೂ ಹೋಗಿ, ಎದುರು ಮನೆ ಅಜ್ಜಿ ಬಾಗಿಲು ತೆರೆದು ಹೊರಗೆ ಬಂದರು. ಪ್ರಾರ್ಥನೆ ಮುಗಿದಾಗ ಹೆಂಗಸರ ಕಣ್ಣಲ್ಲೆಲ್ಲ ನೀರು. ನಮ್ಮ ವಲಯದ ಮುಖ್ಯಸ್ಥರು ಇವರ ಕೈ ಹಿಡಿದು, "ಮಾತು ಬಂತಲ್ಲಣ್ಣ! ದೇವರು ದೊಡ್ಡವನು! ಏನಾದ್ರೂ ಹೇಳಿ ಅಣ್ಣ!" ಎಂದರು.

"ಅದು..." ಎಂದರು ಇವರು. "ಅದು..."

ಪಾಪ, ಅವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಮೆರವಣಿಗೆ ಹತ್ತನೆಯ ಮನೆಗೆ ಹೋಯಿತು. ಆ ಆಗಸ್ಟಿನ ಹೊತ್ತಿಗೆ ಮಾತು ಬಂದರೂ ಬರಬಹುದಿತ್ತು, ಬಾರದೆಯೂ ಇರಬಹುದಿತ್ತು. ಎರಡನ್ನೂ ಥೆರಪಿಸ್ಟ್ ಹೇಳಿದ್ದಳು. ಆದರೆ ಆ ರಾತ್ರಿ, ಎಷ್ಟೋ ತಿಂಗಳ ಮೇಲೆ, ಮುಂದಿನ ವಾರಕ್ಕೆ ಏನೇನು ಮಾಡಬೇಕೆಂದು ನಾನು ಪಟ್ಟಿ ಬರೆದೆ. ಮುಂದಿನ ವಾರ ಎನ್ನುವುದು ಇದೆ ಎಂದು ನನಗೆ ಅನ್ನಿಸಿತ್ತು. ಗೇಟಿನ ಬ್ಯಾನರಿನಲ್ಲಿದ್ದ ಭರವಸೆ ಇದೇ ಇರಬೇಕು. ಅಳತೆಯಲ್ಲಿ ಬಹಳ ಚಿಕ್ಕದು, ಫ್ಲೆಕ್ಸಿಗೆ ಸಾಲದು.

ಪವಿತ್ರ ಗುರುವಾರ ಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಇವರು ಹಿಂದೆ ಆ ಹನ್ನೆರಡರಲ್ಲಿ ಒಬ್ಬರಾದಾಗ ಮನೆಯಲ್ಲೇ ಪ್ಯೂಮಿಸ್ ಕಲ್ಲು ಹಾಕಿ ಉಜ್ಜಿ, ಪೌಡರ್ ಹಚ್ಚಿಕೊಂಡು ಹೋಗಿದ್ದರು. ಎಲ್ಲರೂ ಹಾಗೇ ಬರುವುದು; ಚರ್ಚಿನಲ್ಲಿ ತೊಳೆಯಲು ಏನೂ ಉಳಿದಿರುವುದಿಲ್ಲ. ಆ ಸಲ ಪೋಪ್ ಫ್ರಾನ್ಸಿಸ್ ರೋಮಿನ ರೆಜೀನಾ ಚೇಲಿ ಸೆರೆಮನೆಗೆ ಹೋಗಿ, ಈ ವರ್ಷ ನಿಮ್ಮ ಪಾದ ತೊಳೆಯಲಾಗುವುದಿಲ್ಲ, ಆದರೂ ಬಂದಿದ್ದೇನೆ ಎನ್ನುವ ಅರ್ಥದಲ್ಲಿ ಮಾತಾಡಿದರು. ಶುಭ ಶುಕ್ರವಾರ ಚರ್ಚಿನಲ್ಲಿ ಕೊಟ್ಟ ಗಂಜಿ, ಕಾಯಿ ಚಟ್ನಿಯನ್ನು ಡಬ್ಬಿಯಲ್ಲಿ ಮನೆಗೆ ತಂದೆ. ಪಾಸ್ಖ ಜಾಗರಣೆಗೆ ಹೋಗಲಾಗಲಿಲ್ಲ. ಭಾನುವಾರ ಬೆಳಿಗ್ಗೆ ಇಬ್ಬರೂ ಆಟೋದಲ್ಲಿ ಹೋದೆವು. ತಪಸ್ಸುಕಾಲದುದ್ದಕ್ಕೂ ಬಾಯಿಕಟ್ಟಿದ್ದ ಅಲ್ಲೇಲೂಯ ಹಾಡಿದರು. ಅದೂ ಬಾಯಿಪಾಠದ್ದೇ, ಇವರಿಗೆ ಬಂತು. ಮಧ್ಯಾಹ್ನ ಮಟನ್ ಮಾಡಿದೆ. ಸಂಜೆ ಟಿವಿಯಲ್ಲಿ ಪೋಪ್ ಬಾಲ್ಕನಿಗೆ ಬಂದು, ತಡವರಿಸುತ್ತ ಹಬ್ಬದ ಶುಭಾಶಯ ಹೇಳಿ, ಕೈ ಪೂರ್ತಿ ಮೇಲೆತ್ತಲಾಗದೆ ಆಶೀರ್ವದಿಸಿದ್ದನ್ನು ನೋಡಿದೆವು. ಇವರು ಎಡಗೈ ಎತ್ತಿ ಟಿವಿಗೆ ಸಲಾಮು ಹೊಡೆದರು.

ಸೋಮವಾರ ಮಧ್ಯಾಹ್ನ ಪೋಪ್ ತೀರಿಕೊಂಡ ಸುದ್ದಿ. ಇವರು ಟಿವಿಯ ಮುಂದಿನಿಂದ ಕದಲಲಿಲ್ಲ. ಅಳಲಿಲ್ಲ, ಮಲಗಲೂ ಒಪ್ಪಲಿಲ್ಲ. ನಾಲ್ಕಕ್ಕೆ ಫಿಸಿಯೋ ಹುಡುಗ ಬಂದಾಗ, "ಇವತ್ತೊಂದು ದಿನ ಬಿಡೋಣಪ್ಪ" ಎಂದೆ. ಅವನು ಟಿವಿಯ ಕಡೆ ನೋಡಿ, ಒಂದು ನಿಮಿಷ ಸುಮ್ಮನಿದ್ದು, "ಬಹಳ ಒಳ್ಳೆ ಮನುಷ್ಯ ಅಂತಿದ್ರು ನಮ್ಮಪ್ಪ" ಎಂದ. ಆಮೇಲೆ ಚೀಲದಿಂದ ಚಾಪೆ ತೆಗೆದು ಹಾಸಿದ. "ಇವತ್ತು ನೆಲದಿಂದ ಏಳೋದು ಕಲಿಸೋಣ ಅಂತಿದ್ದೆ ಆಂಟಿ. ನೀವೂ ಕಲೀಬೇಕು. ನಾನಿಲ್ಲದಾಗ ಬಿದ್ರೆ?"

ಇವರನ್ನು ಮೆಲ್ಲಗೆ ನೆಲಕ್ಕೆ ಇಳಿಸಿದೆವು. ಮುಂದೆ ಒಂದು ಗಟ್ಟಿ ಕುರ್ಚಿ. ಮೊದಲು ಎಡ ಮಗ್ಗುಲಿಗೆ ತಿರುಗಬೇಕು, ಎಡಗೈ ಊರಿ ಮಂಡಿಗೆ ಬರಬೇಕು, ಕುರ್ಚಿ ಹಿಡಿದು ಎಡಪಾದ ಮುಂದಿಟ್ಟು ಒತ್ತಬೇಕು. ನಾನು ಗಾಬರಿಯಲ್ಲಿ ತೋಳು ಹಿಡಿದೆ. "ತೋಳು ಎಳೀಬಾರದು ಆಂಟಿ, ಭುಜ ಜಾರುತ್ತೆ. ಸೊಂಟದ ಬೆಲ್ಟ್ ಹಿಡೀರಿ." ಹಾಗಾದರೆ ಹಾರೋಬೆಲೆಯಲ್ಲಿ ಇವರು ಅಷ್ಟು ವರ್ಷ ಮಾಡಿದ್ದು ತಪ್ಪು ಪದ್ಧತಿ. ಬೆಲ್ಟ್ ಹಿಡಿದೆ. ಅವನು ಆ ಕಡೆ, ನಾನು ಈ ಕಡೆ. "ಒಂದು, ಎರಡು, ಮೂರು ಹೇಳಿ ಅಂಕಲ್." ಎಣಿಕೆ ಇವರಿಗೆ ಬರುತ್ತದೆ, ಹೇಳಿದರು, ಒತ್ತಿದರು, ಮುಕ್ಕರಿದರು, ಎದ್ದರು. ಕುರ್ಚಿಯ ಬೆನ್ನು ಹಿಡಿದು ನಿಂತು ಬೆವರು ಸುರಿಸುತ್ತ ನನ್ನನ್ನು ನೋಡಿದರು.

"ಸೂಪರ್ ಅಂಕಲ್. ಈಗ ಮತ್ತೆ ಕೆಳಗೆ. ಇನ್ನೊಂದು ಸಲ."

"ಸಾಕು" ಎಂದರು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಯಾವ ಜಪದಲ್ಲೂ ಇಲ್ಲದ ಮಾತು ಅದು. ಹುಡುಕಿ, ಆರಿಸಿ, ನಮ್ಮ ಮುಖಕ್ಕೇ ಹೇಳಿದ್ದು. ನಾನು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಥೆರಪಿಸ್ಟ್‌ಗೆ ಫೋನ್ ಮಾಡಲು ಎದ್ದೆ. ಫಿಸಿಯೋ ಹುಡುಗ ನನ್ನನ್ನು ತಡೆದು, ಮತ್ತೆ ಬೆಲ್ಟ್ ಹಿಡಿಸಿ, ಚಾಪೆಯ ಕಡೆ ಕೈ ತೋರಿಸಿದ.

"ಸಾಕು ಅಂತ ಚೆನ್ನಾಗಿ ಹೇಳಿದ್ರಿ ಅಂಕಲ್. ಇನ್ನೊಂದೇ ಸಲ. ಆಮೇಲೆ ಎಷ್ಟು ಬೇಕಾದ್ರೂ ಹೇಳಿ."